ಪಿಕಪ್ ವಾಹನದ ಶಾಫ್ಟಿಗೊಂದು ರಕ್ಷಣಾ ಬಳೆ

ಬೆಳೆ ಕೈಗೆ ಬಂದ ಮಾತ್ರಕ್ಕೆ ಬೇಸಾಯ ಮುಗಿಯಿತೆಂದು ಭಾವಿಸುವಂತಿಲ್ಲ. ಬೆಳೆದ ಮಾಲು ಕೆಡದಂತೆ, ಸಕಾಲದಲ್ಲಿ ಮಾರುಕಟ್ಟೆಯನ್ನು ತಲುಪಿದಾಗಲೇ ರೈತನ ದುಡಿಮೆಗೆ ಪ್ರತಿಫಲ ದೊರೆಯುವುದು. ಹಿಂದೆ ಈ ಕೆಲಸವನ್ನು ಎತ್ತಿನ ಗಾಡಿ ಮಾಡುತ್ತಿತ್ತು. ಅನಂತರ ಟ್ರ್ಯಾಕ್ಟರ್ ಟ್ರೈಲರು ಬಂದಿತು, ಬಾಡಿಗೆ ಲಾರಿ ಬಂದಿತು. 2005ರಲ್ಲಿ ಟಾಟಾ ಏಸ್‌ನಂತಹ ಪುಟ್ಟ ಸರಕು ವಾಹನ ಮಾರುಕಟ್ಟೆಗೆ ಬಂದ ಮೇಲಂತೂ ಸಣ್ಣ ಹಿಡುವಳಿದಾರರ ಮನೆಯಂಗಳದಲ್ಲಿಯೂ ಸ್ವಂತ ವಾಹನ ನಿಂತಿರುವುದನ್ನು ಕಾಣಬಹುದು. ಬೊಲೆರೊ, ದೋಸ್ತ್ ಮುಂತಾದ ಪಿಕಪ್‌ಗಳೂ ಹಳ್ಳಿಯ ಜೀವನಕ್ಕೆ ಹೊಂದಿಕೊಂಡಿವೆ.

ಹೆಸರಘಟ್ಟ, ನೆಲಮಂಗಲಗಳ ಕಡೆಯಿಂದ ತರಕಾರಿ, ಹೂವು, ಹಣ್ಣು ತುಂಬಿಕೊಂಡು ಬರುವ ಇಂತಹ ವಾಹನಗಳು ತುಮಕೂರು ರಸ್ತೆಯನ್ನು ಸೇರಿ, ಜಾಲಹಳ್ಳಿ ಕ್ರಾಸ್ ದಾಟಿ, ಗೊರಗುಂಟೆಪಾಳ್ಯದ ಮೇಲೆ ಯಶವಂತಪುರದ ಕಡೆಗೆ ಸಾಗುತ್ತವೆ. ಹಿಂದೆ ಲಾರಿ, ಮುಂದೆ ಬಸ್ಸು, ಪಕ್ಕದಲ್ಲಿ ದ್ವಿಚಕ್ರ ವಾಹನಗಳ ಸಾಲು. ಇಂತಹ ಕಡೆ ನಿಮ್ಮ ವಾಹನದ ಅಡಿಯಲ್ಲಿರುವ ಶಾಫ್ಟು ಕಳಚಿ ಬಿದ್ದರೆ ಏನಾದೀತೆಂದು ಯೋಚಿಸಿದ್ದೀರಾ? ಟೈರು, ಬ್ರೇಕು, ಎಂಜಿನ್ ಆಯಿಲುಗಳ ಬಗ್ಗೆ ಗಮನ ಕೊಡುವ ಅನೇಕರು ಈ ಶಾಫ್ಟನ್ನು ಬಗ್ಗಿ ಸಹ ನೋಡುವುದಿಲ್ಲ. ಅದು ಕಳಚಿದರೂ ನೆಲಕ್ಕೆ ಬೀಳದಂತೆ ತಡೆಯುವ ಒಂದು ಸರಳ ಸಾಧನವಿದೆ. ಅದರ ಉಪಯೋಗ, ಅಳತೆ ಮತ್ತು ಅಳವಡಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಶಾಫ್ಟಿನ ಕೆಲಸವೇನು?

ಹೆಚ್ಚಿನ ಪಿಕಪ್‌ಗಳಲ್ಲಿ ಎಂಜಿನ್ ಮುಂದಿರುತ್ತದೆ, ತಿರುಗುವ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಗೇರ್ ಬಾಕ್ಸಿನಿಂದ ಹಿಂದಿನ ಹೌಸಿಂಗಿನವರೆಗೆ ಈ ಶಕ್ತಿಯನ್ನು ಒಯ್ಯುವ ಉದ್ದನೆಯ ಉಕ್ಕಿನ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟು. ಗೇರ್ ಬಾಕ್ಸು ಚಾಸಿಗೆ ಬಿಗಿದಿರುತ್ತದೆ; ಹಿಂದಿನ ಹೌಸಿಂಗಾದರೋ ಹಳ್ಳ ದಿಣ್ಣೆಗಳಿಗೆ ತಕ್ಕಂತೆ ಮೇಲೆ ಕೆಳಗೆ ಆಡುತ್ತದೆ. ಈ ಆಟಕ್ಕೆ ಅವಕಾಶ ಕೊಡಲೆಂದೇ ಶಾಫ್ಟಿನ ಎರಡೂ ತುದಿಗಳಲ್ಲಿ ಜಾಯಿಂಟುಗಳಿವೆ. ಒಂದೊಂದು ಜಾಯಿಂಟಿನೊಳಗೂ ಅಧಿಕ ಚಿಹ್ನೆಯ ಆಕಾರದ ಒಂದು ಕ್ರಾಸ್, ಅದರ ನಾಲ್ಕು ತುದಿಗಳಿಗೆ ಸೂಜಿಯಂತಹ ಸಣ್ಣ ರೋಲರುಗಳಿರುವ ನಾಲ್ಕು ಬಟ್ಟಲುಗಳು ಇರುತ್ತವೆ. ಉದ್ದ ಚಾಸಿಯ ವಾಹನಗಳಲ್ಲಿ ಶಾಫ್ಟು ಎರಡು ತುಂಡುಗಳಾಗಿದ್ದು, ಮಧ್ಯದಲ್ಲಿ ರಬ್ಬರಿನೊಳಗೆ ಕೂತ ಸೆಂಟರ್ ಬೇರಿಂಗ್ ಇರುತ್ತದೆ.

ಇದು ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಗಂಟೆಗೆ 60 ಕಿ.ಮೀ. ಎಂದರೆ ನಿಮಿಷಕ್ಕೆ 1000 ಮೀಟರು. ಚಕ್ರದ ಸುತ್ತಳತೆ 2.2 ಮೀಟರು ಎಂದಿಟ್ಟುಕೊಂಡರೆ ಚಕ್ರ ನಿಮಿಷಕ್ಕೆ ಸುಮಾರು 455 ಸುತ್ತು ತಿರುಗುತ್ತದೆ. ಚಕ್ರ ಒಂದು ಸುತ್ತು ತಿರುಗಲು ಶಾಫ್ಟು ನಾಲ್ಕೂವರೆ ಸುತ್ತು ತಿರುಗಬೇಕೆಂದಾದರೆ, ಅದರ ವೇಗ ನಿಮಿಷಕ್ಕೆ ಸುಮಾರು 2000 ಸುತ್ತು. ಸೆಕೆಂಡಿಗೆ 33 ಸುತ್ತು. ಟ್ರ್ಯಾಕ್ಟರಿನ ಪಿ.ಟಿ.ಓ. ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುವಾಗಲೇ ನಾವು ಹತ್ತಿರ ಹೋಗಲು ಅಂಜುತ್ತೇವೆ. ಅದರ ಸುಮಾರು ನಾಲ್ಕರಷ್ಟು ವೇಗದ ಶಾಫ್ಟು ನಮ್ಮ ಕಾಲಿನ ಕೆಳಗೇ ತಿರುಗುತ್ತಿರುತ್ತದೆ ಎಂಬುದು ನೆನಪಿರಲಿ.

ಮುಂದಿನ ತುದಿ ಕಳಚಿದರೇ ಹೆಚ್ಚು ಅಪಾಯ

ಕೈಯಲ್ಲೊಂದು ಕೋಲು ಹಿಡಿದು, ಅದರ ತುದಿಯನ್ನು ನೆಲಕ್ಕೆ ತಾಗಿಸಿ ಹಿಂದೆ ಎಳೆದುಕೊಂಡು ನಡೆಯಿರಿ. ಕೋಲು ನೆಲವನ್ನು ಸವರುತ್ತಾ ಬರುತ್ತದೆ. ಅದೇ ಕೋಲನ್ನು ಮುಂದಕ್ಕೆ ಚಾಚಿ, ತುದಿಯನ್ನು ನೆಲಕ್ಕೆ ತಾಗಿಸಿ ನೂಕಿಕೊಂಡು ನಡೆದರೆ ಸಣ್ಣ ಕಲ್ಲಿಗೂ ಸಿಕ್ಕಿ ನೆಲಕ್ಕೆ ನಾಟಿಕೊಳ್ಳುತ್ತದೆ. ಶಾಫ್ಟಿನ ವಿಷಯವೂ ಹೀಗೆಯೇ.

ಹಿಂದಿನ ಜಾಯಿಂಟು ಮುರಿದರೆ ಹಿಂದಿನ ತುದಿ ರಸ್ತೆಗೆ ಬಿದ್ದು ಎಳೆದುಕೊಂಡು ಬರುತ್ತದೆ. ಕೆಲವು ವೇಳೆ ಮುಂದಿನ ಸ್ಪ್ಲೈನ್ ಜಾರಿ ಶಾಫ್ಟು ಪೂರ್ತಿಯಾಗಿ ಬಿದ್ದು ಹೋಗುವುದೂ ಉಂಟು. ಆದರೆ ಮುಂದಿನ ಜಾಯಿಂಟು ಮುರಿದರೆ ತುದಿ ಮುಂದಕ್ಕೆ ಬಾಗಿ ರಸ್ತೆಗೆ ಬೀಳುತ್ತದೆ. ಗುಂಡಿಗೋ, ರಸ್ತೆಯ ಉಬ್ಬಿಗೋ ಸಿಕ್ಕಿದರೆ ವಾಹನದ ಹಿಂಭಾಗವನ್ನೇ ಎತ್ತಿ ಒಗೆಯಬಹುದು. ಸಿಕ್ಕಿಕೊಳ್ಳದಿದ್ದರೂ ಗದೆಯಂತೆ ಸುತ್ತುತ್ತಾ ಹತ್ತಿರದ ಬ್ರೇಕ್ ಪೈಪು, ಡೀಸೆಲ್ ಪೈಪು, ವಿದ್ಯುತ್ ತಂತಿಗಳನ್ನು ಹರಿಯಬಹುದು. ಮೇಲಿನ ತಗಡನ್ನು ತೂತು ಮಾಡಬಹುದು.

ಇಲ್ಲಿ ಚಾಲಕರು ತಿಳಿಯಬೇಕಾದ ಒಂದು ಮುಖ್ಯ ಅಂಶವಿದೆ. ಹಿಂದಿನ ಜಾಯಿಂಟು ಮುರಿದಾಗ ಶಾಫ್ಟನ್ನು ತಿರುಗಿಸುತ್ತಿರುವುದು ಎಂಜಿನ್. ಕ್ಲಚ್ ಒತ್ತಿದರೆ ಅದರ ಒತ್ತಡ ತಪ್ಪುತ್ತದೆ. ಮುಂದಿನ ಜಾಯಿಂಟು ಮುರಿದಾಗ ಶಾಫ್ಟನ್ನು ತಿರುಗಿಸುತ್ತಿರುವುದು ಓಡುತ್ತಿರುವ ಚಕ್ರಗಳು. ಆಗ ಎಂಜಿನ್ ನಿಲ್ಲಿಸಿದರೂ ಪ್ರಯೋಜನವಿಲ್ಲ. ವಾಹನ ನಿಲ್ಲುವವರೆಗೆ ಶಾಫ್ಟು ತಿರುಗುತ್ತಲೇ ಇರುತ್ತದೆ. ಆ ಕೆಲವು ಕ್ಷಣಗಳ ಕಾಲ ಅದನ್ನು ಹಿಡಿದಿಡುವುದೇ ರಕ್ಷಣಾ ಬಳೆಯ ಕೆಲಸ.

ರಕ್ಷಣಾ ಬಳೆ ಎಂದರೇನು?

ಶಾಫ್ಟಿನ ಸುತ್ತ, ಅದಕ್ಕೆ ತಾಗದಂತೆ, ಚಾಸಿಯ ಅಡ್ಡ ಪಟ್ಟಿಗೆ ಬಿಗಿದ ಉಕ್ಕಿನ ಬಳೆ ಇದು. ಗ್ಯಾರೇಜಿನವರಿಗೆ ಸೇಫ್ಟಿ ಲೂಪ್ ಎಂದರೆ ಅರ್ಥವಾಗುತ್ತದೆ. ದಿನನಿತ್ಯದ ಓಡಾಟದಲ್ಲಿ ಇದಕ್ಕೆ ಯಾವ ಕೆಲಸವೂ ಇಲ್ಲ. ಜಾಯಿಂಟು ಕಳಚಿದಾಗ ಮಾತ್ರ ಶಾಫ್ಟಿನ ತುದಿ ಈ ಬಳೆಯೊಳಗೆ ಉಳಿಯುತ್ತದೆ, ರಸ್ತೆಗೆ ಬೀಳುವುದಿಲ್ಲ.

ಇದೇನೂ ಹೊಸ ಕಲ್ಪನೆಯಲ್ಲ. ಅಮೆರಿಕದಲ್ಲಿ ಪ್ರಯಾಣಿಕರ ಬಸ್ಸಿನ ನೆಲದಡಿ ಉದ್ದಕ್ಕೆ ಹಾಯುವ ಶಾಫ್ಟಿಗೆ, ಸ್ಪ್ಲೈನ್ ಇರುವ ತುದಿಯಲ್ಲಿ ಕನಿಷ್ಠ ಒಂದು ಕಾವಲು ಇರಬೇಕೆಂಬ ನಿಯಮವಿದೆ. ಅಲ್ಲಿನ ಮೋಟಾರು ಓಟದ ಸಂಸ್ಥೆಯಾದ ಎನ್.ಎಚ್.ಆರ್.ಎ. ಸ್ಪರ್ಧೆಯ ಕಾರುಗಳಿಗೆ ವಿಧಿಸಿರುವ ಅಳತೆಗಳು ನಮಗೂ ಮಾರ್ಗದರ್ಶಕವಾಗಬಲ್ಲವು: ಬಳೆ ಶಾಫ್ಟನ್ನು ಪೂರ್ತಿ ಸುತ್ತುವರಿದಿರಬೇಕು, ಪಟ್ಟಿ ಕಾಲು ಅಂಗುಲ ದಪ್ಪ, 2 ಅಂಗುಲ ಅಗಲಕ್ಕೆ ಕಡಿಮೆ ಇರಬಾರದು, ಮುಂದಿನ ಜಾಯಿಂಟಿನಿಂದ 6 ಅಂಗುಲದೊಳಗೆ ಇರಬೇಕು. ಓಟದ ಕಾರಿನ ವೇಗ ನಮ್ಮ ಪಿಕಪ್ಪಿಗಿಲ್ಲ, ನಿಜ. ಆದರೆ ಒಂದೂವರೆ ಟನ್ ಹೊರೆ ಹೊತ್ತು ದಿಣ್ಣೆ ಹತ್ತುವಾಗ ಶಾಫ್ಟಿನ ಮೇಲೆ ಬೀಳುವ ತಿರುಚು ಬಲವೇನೂ ಕಡಿಮೆಯಲ್ಲ.

ಅಳತೆ ಮತ್ತು ತಯಾರಿಕೆ

ಜಾಲಹಳ್ಳಿಯ ಸುತ್ತಮುತ್ತ ಕಬ್ಬಿಣದ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. 1953ರಲ್ಲಿ ಹೆಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸಂಸ್ಥೆಗಳು ಇಲ್ಲಿ ಆರಂಭವಾದವು. ಪಕ್ಕದ ಪೀಣ್ಯದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವೇ ಬೆಳೆಯಿತು. ಮಾಲು ಇಳಿಸಿ ಹಿಂದಿರುಗುವ ದಾರಿಯಲ್ಲಿ ಅಳತೆ ಕೊಟ್ಟು ಇದನ್ನು ಮಾಡಿಸಿಕೊಳ್ಳಬಹುದು. ನಿಮ್ಮ ತಾಲ್ಲೂಕು ಕೇಂದ್ರದ ಒಳ್ಳೆಯ ಫ್ಯಾಬ್ರಿಕೇಷನ್ ಅಂಗಡಿಯಲ್ಲಿಯೂ ಇದು ಸಾಧ್ಯ.

ಶಾಫ್ಟಿನ ಕೊಳವೆಯ ವ್ಯಾಸ 75 ಮಿ.ಮೀ. ಎಂದಿಟ್ಟುಕೊಳ್ಳಿ. ಸುತ್ತಲೂ 25 ಮಿ.ಮೀ. ಅಂತರ ಬೇಕು. ಆಗ ಬಳೆಯ ಒಳ ವ್ಯಾಸ 125 ಮಿ.ಮೀ. ಆಗುತ್ತದೆ. ಬಳೆಗೆ ಸುಮಾರು 41 ಸೆಂ.ಮೀ., ಚಾಸಿಗೆ ಬಿಗಿಯುವ ಕೈಗಳಿಗೆ ಸುಮಾರು 60 ಸೆಂ.ಮೀ., ಒಟ್ಟು ಒಂದು ಮೀಟರಿನಷ್ಟು ಪಟ್ಟಿ ಸಾಕಾಗುತ್ತದೆ. 50 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯ ಒಂದು ಮೀಟರಿನ ತೂಕ 2.4 ಕಿ.ಗ್ರಾಂ ಮಾತ್ರ. ಹೊರೆಯ ಲೆಕ್ಕದಲ್ಲಿ ಇದು ಏನೇನೂ ಅಲ್ಲ.

ಬಳೆಯನ್ನು ಎರಡು ಹೋಳುಗಳಾಗಿ ಮಾಡಿಸುವುದು ಉತ್ತಮ. ಮೇಲಿನ ಅರ್ಧ ಚಾಸಿಯ ಅಡ್ಡ ಪಟ್ಟಿಗೆ ಬಿಗಿದಿರಲಿ. ಕೆಳಗಿನ ಅರ್ಧ ಬೋಲ್ಟು ಬಿಚ್ಚಿದರೆ ಕೈಗೆ ಬರುವಂತಿರಲಿ. ಇಲ್ಲದಿದ್ದರೆ ಕ್ರಾಸ್ ಬದಲಾಯಿಸುವ ಪ್ರತಿ ಸಲವೂ ಮೆಕ್ಯಾನಿಕ್ಕಿಗೆ ಬಳೆ ಅಡ್ಡಿಯಾಗುತ್ತದೆ, ಒಮ್ಮೆ ಬಿಚ್ಚಿದವರು ಮತ್ತೆ ಹಾಕದೆ ಬಿಡುತ್ತಾರೆ.

ಅಳವಡಿಸುವ ಕ್ರಮ

1. ಮೊದಲು ವಾಹನದಡಿ ನೋಡಿ. ಕಾರ್ಖಾನೆಯಲ್ಲಿಯೇ ಇಂತಹ ಕಾವಲು ಹಾಕಿದ್ದರೆ ಮತ್ತೊಂದು ಬೇಕಿಲ್ಲ. ವಾಹನ ಗ್ಯಾರಂಟಿ ಅವಧಿಯಲ್ಲಿದ್ದರೆ ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರವನ್ನು ಕೇಳಿಯೇ ಮುಂದುವರಿಯಿರಿ.

2. ವಾಹನವನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಮುಂದೆ ಹಿಂದೆ ಮರದ ದಿಮ್ಮಿ ಕೊಡಿ. ಬರಿಯ ಜಾಕ್ ಮೇಲೆ ನಿಂತ ವಾಹನದಡಿ ಎಂದೂ ಮಲಗಬಾರದು. ಗಟ್ಟಿಯಾದ ಸ್ಟ್ಯಾಂಡ್ ಇರಲೇಬೇಕು. ಶಾಫ್ಟು ಬಿಚ್ಚಿದ ವಾಹನ ಗೇರಿನಲ್ಲಿದ್ದರೂ ಉರುಳುತ್ತದೆ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಕೂಡ ಶಾಫ್ಟಿನ ಮೂಲಕವೇ ಕೆಲಸ ಮಾಡುವುದರಿಂದ, ಶಾಫ್ಟು ಬಿಚ್ಚಿದೊಡನೆ ಅದೂ ನಿಷ್ಪ್ರಯೋಜಕ.

3. ಮುಂದಿನ ಜಾಯಿಂಟಿನ ಹಿಂದೆ 150 ಮಿ.ಮೀ. ಒಳಗೆ ಸ್ಥಳ ಗುರುತಿಸಿ. ಎರಡು ತುಂಡಿನ ಶಾಫ್ಟಾದರೆ ಸೆಂಟರ್ ಬೇರಿಂಗಿನ ಹಿಂದಿನ ಜಾಯಿಂಟಿನ ಬಳಿ ಎರಡನೆಯ ಬಳೆ ಬೇಕು.

4. ಅಂತರವನ್ನು ಖಾಲಿ ವಾಹನದಲ್ಲಿಯೂ, ಹೊರೆ ತುಂಬಿದ ವಾಹನದಲ್ಲಿಯೂ ಅಳೆಯಿರಿ. ಮುಂದಿನ ತುದಿಯ ಹತ್ತಿರ ಶಾಫ್ಟಿನ ಆಟ ಕಡಿಮೆ. ಒಂದೂವರೆ ಮೀಟರು ಉದ್ದದ ಶಾಫ್ಟಿನ ಹಿಂದಿನ ತುದಿ 100 ಮಿ.ಮೀ. ಮೇಲೇರಿದರೆ, ಮುಂದಿನಿಂದ 150 ಮಿ.ಮೀ. ದೂರದಲ್ಲಿ ಅದು ಏರುವುದು 10 ಮಿ.ಮೀ. ಮಾತ್ರ. ಆದ್ದರಿಂದ 25 ಮಿ.ಮೀ. ಅಂತರ ಸಾಕಾಗುತ್ತದೆ. ಅಂತರ ತೀರಾ ಕಡಿಮೆಯಾದರೆ ಶಾಫ್ಟು ಬಳೆಗೆ ಉಜ್ಜುತ್ತದೆ. ತೀರಾ ಹೆಚ್ಚಾದರೆ ಕಳಚಿದ ಶಾಫ್ಟಿಗೆ ಬಡಿಯಲು ಜಾಗ ಸಿಕ್ಕಂತಾಗುತ್ತದೆ.

5. ಬಳೆಯನ್ನು ಚಾಸಿಯ ಅಡ್ಡ ಪಟ್ಟಿಗೆ ಬೋಲ್ಟಿನಿಂದ ಬಿಗಿಯಿರಿ. 10 ಮಿ.ಮೀ. ಗಾತ್ರದ, ತಲೆಯ ಮೇಲೆ 8.8 ಎಂದು ಗುರುತಿರುವ ಬೋಲ್ಟುಗಳು ಮತ್ತು ಲಾಕ್ ನಟ್ಟುಗಳನ್ನು ಬಳಸಿ. ಗೇರ್ ಬಾಕ್ಸಿಗಾಗಲಿ, ತಗಡಿನ ನೆಲಕ್ಕಾಗಲಿ ಬಿಗಿಯಬಾರದು.

6. ಚಾಸಿಗೆ ವೆಲ್ಡಿಂಗ್ ಮಾಡಿಸಬೇಡಿ. ಉದ್ದದ ಚಾಸಿಯ ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿ ತೂತು ಕೊರೆಸಬೇಡಿ. ಅಲ್ಲಿಂದಲೇ ಬಿರುಕು ಆರಂಭವಾಗುತ್ತದೆ. ಬಳೆಯ ವೆಲ್ಡಿಂಗ್ ಏನಿದ್ದರೂ ವಾಹನದಿಂದ ಹೊರಗೆ ಮುಗಿಯಬೇಕು. 2020ರ ಏಪ್ರಿಲ್‌ನಿಂದ ಮಾರಾಟವಾದ ಬಿ.ಎಸ್. 6 ವಾಹನಗಳಲ್ಲಿ ಎಲೆಕ್ಟ್ರಾನಿಕ್ ಭಾಗಗಳು ಹೆಚ್ಚಾಗಿರುವುದರಿಂದ ಈ ಎಚ್ಚರಿಕೆ ಇನ್ನೂ ಅಗತ್ಯ.

7. ಬ್ರೇಕ್ ಪೈಪು, ಡೀಸೆಲ್ ಪೈಪು, ವೈರು, ಸೈಲೆನ್ಸರುಗಳಿಗೆ ಬಳೆ ಎಲ್ಲಿಯೂ ತಾಗಿರಬಾರದು. ಚೂಪಾದ ಅಂಚುಗಳನ್ನು ಅರದಿಂದ ಉಜ್ಜಿ, ತುಕ್ಕು ನಿರೋಧಕ ಬಣ್ಣ ಬಳಿಯಿರಿ.

8. ಶಾಫ್ಟು ಬಿಚ್ಚಬೇಕಾಗಿ ಬಂದರೆ ಎರಡೂ ಫ್ಲೇಂಜುಗಳ ಮೇಲೆ ಬಣ್ಣದಿಂದ ಗೆರೆ ಎಳೆದು, ಮತ್ತೆ ಅದೇ ಜೋಡಿಗೆ ಕೂರಿಸಿ. ಸ್ಪ್ಲೈನನ್ನು ಬೇರ್ಪಡಿಸಿದರೆ ಅಲ್ಲಿಯೂ ಗುರುತು ಬೇಕು. ಗುರುತು ತಪ್ಪಿದರೆ ಶಾಫ್ಟು ನಡುಗಲಾರಂಭಿಸುತ್ತದೆ.

9. ಕೆಲಸ ಮುಗಿದ ಮೇಲೆ ಹೊರೆ ತುಂಬಿ ಹತ್ತಿಪ್ಪತ್ತು ಕಿ.ಮೀ. ಓಡಿಸಿ, ಬಗ್ಗಿ ನೋಡಿ. ಬಳೆಯ ಒಳಬದಿಯ ಬಣ್ಣ ಉಜ್ಜಿ ಹೋಗಿದ್ದರೆ ಅಂತರ ಸಾಲದೆಂದು ಅರ್ಥ. ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಚಾಸಿಯನ್ನು ಕತ್ತರಿಸುವ, ಉದ್ದ ಮಾಡುವ ಸಾಹಸಕ್ಕೆ ಯಾರು ಸಲಹೆ ಕೊಟ್ಟರೂ ಒಪ್ಪಬೇಡಿ.

ರೋಗ ಬಾರದಂತೆ ನೋಡುವುದೇ ಮೇಲು

ಬೆಳೆಗೆ ಔಷಧಿ ಸಿಂಪಡಿಸುವುದಕ್ಕಿಂತ ರೋಗ ಬಾರದಂತೆ ನೋಡಿಕೊಳ್ಳುವುದು ಲಾಭದಾಯಕವೆಂಬುದು ನಿಮಗೆ ತಿಳಿದದ್ದೇ. ಬಳೆ ಕೊನೆಯ ಕಾವಲು ಮಾತ್ರ. ಅದು ಕ್ರಾಸ್ ಸವೆಯುವುದನ್ನು ತಡೆಯುವುದಿಲ್ಲ. ಬಳೆ ಹಾಕಿಸಿದ್ದೇನೆಂಬ ಧೈರ್ಯದಿಂದ ಗ್ರೀಸ್ ಹಾಕುವುದನ್ನು ಮರೆತರೆ ಹಾಕಿಸಿದ ಉದ್ದೇಶವೇ ಕೆಡುತ್ತದೆ.

ಜಾಯಿಂಟು ಕೆಡುತ್ತಿರುವ ಸೂಚನೆಗಳು ಇವು: ಗೇರ್ ಹಾಕಿ ಕ್ಲಚ್ ಬಿಟ್ಟಾಗ ಅಥವಾ ಮುಂದಿನ ಗೇರಿನಿಂದ ರಿವರ್ಸ್‌ಗೆ ಬದಲಾಯಿಸಿದಾಗ ಕೆಳಗಿನಿಂದ 'ಟಕ್' ಎಂಬ ಸದ್ದು, ನಿಧಾನವಾಗಿ ಹೋಗುವಾಗ ಚಕ್ರದ ಲಯಕ್ಕೆ ಕಿರ್ರೆನ್ನುವ ಸದ್ದು, ಒಂದು ನಿರ್ದಿಷ್ಟ ವೇಗದಲ್ಲಿ ಸೀಟಿನಡಿ ನಡುಕ, ಬಟ್ಟಲುಗಳ ಸುತ್ತ ಕೆಂಪು ತುಕ್ಕಿನ ಪುಡಿ, ಶಾಫ್ಟನ್ನು ಕೈಯಿಂದ ಅಲ್ಲಾಡಿಸಿದಾಗ ಕಾಣುವ ಸಡಿಲ, ಹರಿದ ಸೆಂಟರ್ ಬೇರಿಂಗ್ ರಬ್ಬರು. ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಬಾಡಿಗೆಗೆ ಹೊರಡುವ ಮೊದಲು ಮೆಕ್ಯಾನಿಕ್ಕಿಗೆ ತೋರಿಸಿ. ಗ್ರೀಸ್ ನಿಪ್ಪಲ್ ಇರುವ ಕ್ರಾಸ್ ಆದರೆ ಕಂಪನಿಯ ಕೈಪಿಡಿ ಹೇಳುವ ಅವಧಿಗೆ ಗ್ರೀಸ್ ಕೊಡಿ; ನಾಲ್ಕೂ ಬಟ್ಟಲುಗಳಿಂದ ಹೊಸ ಗ್ರೀಸ್ ಇಣುಕುವವರೆಗೆ ಒತ್ತಬೇಕು. ಕೆರೆಯ ಗೋಡು ಹೊಡೆಯುವಾಗ, ಕೆಸರು ಗದ್ದೆಯ ಬದಿಯಲ್ಲಿ ಓಡಾಡುವಾಗ ನೀರು, ಮಣ್ಣು ಜಾಯಿಂಟಿಗೆ ಸೇರುತ್ತವೆ. ಅಂತಹ ಕೆಲಸದ ನಂತರ ಅವಧಿಯನ್ನು ಕಾಯದೆ ಗ್ರೀಸ್ ಕೊಡುವುದು ಒಳ್ಳೆಯದು.

ಹೊರೆಯ ಲೆಕ್ಕವನ್ನೂ ಇಟ್ಟುಕೊಳ್ಳಿ. 15 ಕಿ.ಗ್ರಾಂ ಟೊಮ್ಯಾಟೊ ತುಂಬುವ 100 ಕ್ರೇಟು ಎಂದರೆ ಹಣ್ಣಿನ ತೂಕವೇ 1500 ಕಿ.ಗ್ರಾಂ. ಖಾಲಿ ಕ್ರೇಟು ಒಂದೂವರೆ ಕಿ.ಗ್ರಾಂ ತೂಗಿದರೆ ಇನ್ನೂ 150 ಕಿ.ಗ್ರಾಂ ಸೇರುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದವರೇ ಹೆಚ್ಚು. ಹೊರೆ ಮಿತಿಮೀರಿದರೆ ಕಮಾನು ಪಟ್ಟಿಗಳು ಚಪ್ಪಟೆಯಾಗಿ ಜಾಯಿಂಟುಗಳ ಕೋನ ಬದಲಾಗುತ್ತದೆ, ತಿರುಚು ಬಲವೂ ಏರುತ್ತದೆ. ಕ್ರಾಸ್ ಎರಡು ಕಡೆಯಿಂದ ಪೆಟ್ಟು ತಿನ್ನುತ್ತದೆ.

ಹುರುಳಿ ಬಳ್ಳಿ ಮತ್ತು ಶಾಫ್ಟು

ಬೇಸಾಯಶಾಸ್ತ್ರದ ದೃಷ್ಟಿಯಿಂದ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಸುಗ್ಗಿಯ ದಿನಗಳಲ್ಲಿ ನಮ್ಮ ಬಯಲು ಸೀಮೆಯ ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿ ವಾಹನಗಳಿಂದ ಒಕ್ಕಣೆ ಮಾಡಿಸುವ ರೂಢಿಯಿದೆ. ಹುರುಳಿಯ ಬಳ್ಳಿ ಉದ್ದ, ನಾರು ಗಟ್ಟಿ. ತಿರುಗುವ ಶಾಫ್ಟಿಗೆ ಅದು ಹಗ್ಗ ಹೊಸೆದಂತೆ ಸುತ್ತಿಕೊಳ್ಳುತ್ತದೆ. ಜಾಯಿಂಟಿನ ಸೀಲುಗಳನ್ನು ಕೀಳುತ್ತದೆ. ಸೈಲೆನ್ಸರಿನ ಕಾವಿಗೆ ಒಣ ಬಳ್ಳಿ ಹೊತ್ತಿಕೊಂಡು ವಾಹನವೇ ಸುಟ್ಟುಹೋದ ಪ್ರಸಂಗಗಳಿವೆ. ಬಳೆ ಇರುವ ವಾಹನದಲ್ಲಿ ಶಾಫ್ಟಿಗೂ ಬಳೆಗೂ ನಡುವಿನ ಅಂತರದಲ್ಲಿ ಬಳ್ಳಿ ತುರುಕಿಕೊಂಡು ಉಜ್ಜಾಟ ಇನ್ನಷ್ಟು ಹೆಚ್ಚುತ್ತದೆ. ಹಾಗೇನಾದರೂ ಸುತ್ತಿಕೊಂಡರೆ ವಾಹನವನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕುಡುಗೋಲಿನಿಂದ ಕತ್ತರಿಸಿ ತೆಗೆಯಿರಿ. ಎಂಜಿನ್ ಓಡುತ್ತಿರುವಾಗ ಕೈ ಹಾಕಬಾರದು.

ರಸ್ತೆಯ ಒಕ್ಕಣೆಯಿಂದ ಕಾಳಿಗೆ ಕಲ್ಲು, ಮಣ್ಣು, ಎಣ್ಣೆ ಜಿಡ್ಡು ಸೇರಿ ಬೆಲೆಯೂ ತಗ್ಗುತ್ತದೆ. ಕಣ ಮಾಡಿಕೊಳ್ಳಲು ಜಾಗವಿಲ್ಲದವರು ನಾಲ್ಕಾರು ಮಂದಿ ಸೇರಿ ಒಕ್ಕಣೆ ಯಂತ್ರವನ್ನು ಬಾಡಿಗೆಗೆ ತರಬಹುದು. ಆ ಯಂತ್ರಕ್ಕೆ ಜೋಡಿಸುವ ಪಿ.ಟಿ.ಓ. ಶಾಫ್ಟಿಗೂ ಹೊದಿಕೆ ಇರಲೇಬೇಕು. ಸೀರೆಯ ಸೆರಗು, ಪಂಚೆಯ ಅಂಚು, ಹೆಗಲ ಟವೆಲು ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಶಾಫ್ಟು ಕಳಚಿದಾಗ

ಕೆಳಗಿನಿಂದ ಜೋರಾದ ಬಡಿತ ಕೇಳಿಬಂದು, ವಾಹನ ಎಳೆಯುವ ಶಕ್ತಿ ಕಳೆದುಕೊಂಡರೆ ಗಾಬರಿಯಾಗಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಕ್ಲಚ್ ಒತ್ತಿ, ಸ್ಟೀರಿಂಗನ್ನು ನೇರವಾಗಿ ಹಿಡಿದು, ಹದವಾಗಿ ಬ್ರೇಕ್ ಹಾಕುತ್ತಾ ಎಡಕ್ಕೆ ನಿಲ್ಲಿಸಿ. ಪೆಡಲು ಕೆಳಗಿಳಿದು ಬ್ರೇಕ್ ಹಿಡಿಯದಿದ್ದರೆ ಮತ್ತೆ ಮತ್ತೆ ಒತ್ತಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ. ನಿಂತ ಕೂಡಲೆ ನಾಲ್ಕೂ ದಿಕ್ಕಿನ ಸೂಚನಾ ದೀಪ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಗೇರ್ ಹಾಕಿದ್ದೇನೆಂದು ನಂಬಿ ಇಳಿಯಬೇಡಿ. ಒಮ್ಮೆ ಪೆಟ್ಟು ತಿಂದ ಬಳೆಯನ್ನೂ ಬೋಲ್ಟುಗಳನ್ನೂ ಮತ್ತೆ ಬಳಸದೆ ಹೊಸದನ್ನು ಹಾಕಿಸಿ.

ಕೂಲಿ ಆಳುಗಳನ್ನು, ಮನೆಯವರನ್ನು ಹಿಂದಿನ ತೊಟ್ಟಿಯಲ್ಲಿ ಕೂರಿಸಿಕೊಂಡು ಹೊಲಕ್ಕೂ ಜಾತ್ರೆಗೂ ಹೋಗುವುದನ್ನು ನಾವು ದಿನವೂ ನೋಡುತ್ತೇವೆ. ಅವರಿಗೂ ತಿರುಗುವ ಶಾಫ್ಟಿಗೂ ನಡುವೆ ಇರುವುದು ತೊಟ್ಟಿಯ ನೆಲದ ತಗಡು ಮಾತ್ರ. ವಾಹನ ಮಗುಚಿದರಂತೂ ಮೊದಲು ಎಸೆಯಲ್ಪಡುವವರು ಅವರೇ. ಸರಕಿನ ತೊಟ್ಟಿ ಸರಕಿಗಾಗಿಯೇ ಇರಲಿ. ಯಾವ ಬಳೆಯೂ ಈ ಎಚ್ಚರಿಕೆಗೆ ಬದಲಿಯಾಗಲಾರದು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಪ್ರಯೋಜನವಿಲ್ಲವೆಂದು ಹಿರಿಯರು ಹೇಳುತ್ತಾರೆ. ವಾಹನವನ್ನು ಎಫ್.ಸಿ.ಗೆ ಅಣಿಗೊಳಿಸುವ ಸಮಯ ಈ ಕೆಲಸಕ್ಕೆ ಅನುಕೂಲಕರ. ಆ ದಿನ ಕ್ರಾಸ್, ಸೆಂಟರ್ ಬೇರಿಂಗ್, ಫ್ಲೇಂಜ್ ಬೋಲ್ಟುಗಳನ್ನು ಪರೀಕ್ಷೆ ಮಾಡಿಸಿ, ಬಳೆಯನ್ನೂ ಹಾಕಿಸಿ. ಆಮೇಲೆ ತಿಂಗಳಿಗೊಮ್ಮೆ, ಟೈರಿನ ಗಾಳಿ ನೋಡುವ ದಿನವೇ, ಐದು ನಿಮಿಷ ವಾಹನದಡಿ ಟಾರ್ಚ್ ಬಿಟ್ಟು ನೋಡಿ: ಜಾಯಿಂಟಿನಲ್ಲಿ ಗ್ರೀಸ್ ಇದೆಯೇ, ಬೋಲ್ಟು ಬಿಗಿಯಾಗಿವೆಯೇ, ಬಳೆಯೊಳಗೆ ಹುಲ್ಲು ಸಿಕ್ಕಿದೆಯೇ. ಎರಡೂವರೆ ಕಿ.ಗ್ರಾಂ ಕಬ್ಬಿಣ ಮತ್ತು ತಿಂಗಳಿಗೆ ಐದು ನಿಮಿಷದ ಗಮನ, ಇಷ್ಟರಿಂದ ನಿಮ್ಮ ಮಾಲು ಮಾರುಕಟ್ಟೆಯನ್ನೂ ನೀವು ಮನೆಯನ್ನೂ ಸುರಕ್ಷಿತವಾಗಿ ಸೇರಲು ಸಹಾಯವಾಗುತ್ತದೆ.